ಲೆಕ್ಕ ಸರಿಯಿದೆ

(ಮಾವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ನಿವೃತ್ತರಾದವರು. ಸೊಸೆ ಅವರ ಅಕ್ಕನ ಮಗಳು, ವೃತ್ತಿಯಲ್ಲಿ ಲೆಕ್ಕಪರಿಶೋಧಕಿ. ಇಬ್ಬರೂ ಪುತ್ತೂರು ಕಡೆಯವರು.)

ಸೊಸೆ: ಒಂದು ಪ್ರಶ್ನೆ ಮಾವ. ಅಪ್ಪನ ತೋಟದ ಕೋವಿ ನಾಳೆ ಕಾಣೆಯಾಯಿತು ಅಂತ ಇಟ್ಟುಕೊಳ್ಳಿ. ಅವರು ಎಂತ ಮಾಡಬೇಕು?

ಮಾವ: ಠಾಣೆಗೆ ಓಡಬೇಕು. ಲೈಸೆನ್ಸಿನ ಷರತ್ತಿನಲ್ಲೇ ಅದು ಉಂಟು. ಆಯುಧ ಕಳೆದರೂ ಕಳವಾದರೂ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕು. ಸುಮ್ಮನೆ ಕೂತರೆ ಲೈಸೆನ್ಸಿಗೇ ಸಂಚಕಾರ. ಯಾಕೆ, ಕೋವಿ ಭದ್ರ ಉಂಟಲ್ಲ?

ಸೊಸೆ: ಭದ್ರ ಉಂಟು. ಚುನಾವಣೆ ಘೋಷಣೆಯಾದಾಗಲೆಲ್ಲ ಗೋಣಿಯಲ್ಲಿ ಸುತ್ತಿ ಠಾಣೆಗೆ ಒಯ್ದು ಠೇವಣಿ ಇಟ್ಟು ಬರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಕಾಡುಹಂದಿ ಬಂದು ಬಾಳೆಬುಡ ಮಗುಚಿ ಹಾಕಿರುತ್ತದೆ. ಆದರೂ ಠಾಣೆಯವರು ಕೊಟ್ಟ ರಸೀದಿಯನ್ನು ಪಹಣಿಪತ್ರದ ಜೊತೆ ಜೋಪಾನವಾಗಿ ಇಡುತ್ತಾರೆ. ನನಗೆ ಬೇಕಾದ್ದು ಅದಲ್ಲ. ರಸೀದಿ ಕೊಟ್ಟ ಆ ಠಾಣೆಯದೇ ಒಂದು ಪಿಸ್ತೂಲು ಕಾಣೆಯಾದರೆ?

ಮಾವ: ಅದರ ದಾರಿ ಬೇರೆ. 1959ರ ಆಯುಧ ಕಾಯ್ದೆಯ 45ನೇ ಕಲಮು, ಸರಕಾರಿ ನೌಕರ ಕರ್ತವ್ಯಕ್ಕಾಗಿ ಇಟ್ಟುಕೊಂಡ ಆಯುಧವನ್ನು ಕಾಯ್ದೆಯಿಂದ ಹೊರಗೆ ಇಡುತ್ತದೆ. ಇಡಲೇಬೇಕು. ಇಲ್ಲದಿದ್ದರೆ ಒಬ್ಬೊಬ್ಬ ಕಾನ್‌ಸ್ಟೇಬಲನೂ ಡಿಸಿ ಕಚೇರಿಯಲ್ಲಿ ಲೈಸೆನ್ಸಿಗೆ ಅರ್ಜಿ ಹಿಡಿದು ಕಾಯಬೇಕಿತ್ತು. ನಮಗೆ ಇರುವುದು ಮ್ಯಾನ್ಯುಯಲ್ಲು, ಶಿಸ್ತು ನಿಯಮ, ಇಲಾಖಾ ವಿಚಾರಣೆ.

ಸೊಸೆ: ಅಂದರೆ ಮನೆಯೊಳಗಿನ ಪಂಚಾಯಿತಿ.

ಮಾವ: ಅಷ್ಟು ಹಗುರ ಮಾಡಬೇಡ ಮಾರಾಯ್ತಿ. ಅಮಾನತು ಉಂಟು, ಇನ್‌ಕ್ರಿಮೆಂಟ್ ಕಡಿತ ಉಂಟು, ವಜಾ ಉಂಟು. ಬೇಕೆಂದೇ ಮಾಡಿದ್ದು ಅಂತಾದರೆ ಕ್ರಿಮಿನಲ್ ಕೇಸೇ ಆಗುತ್ತದೆ. ನನ್ನ ಕಾಲಕ್ಕೆ ಐಪಿಸಿ 409, ಈಗ ಭಾರತೀಯ ನ್ಯಾಯ ಸಂಹಿತೆಯ 316(5). ಸರಕಾರಿ ನೌಕರ ತನ್ನ ವಶಕ್ಕೆ ಕೊಟ್ಟದ್ದನ್ನು ನುಂಗಿದರೆ ಜೀವಾವಧಿಯವರೆಗೂ ಹೋಗಬಹುದು.

ಸೊಸೆ: ಅದು ನುಂಗಿದರೆ. ಮರೆತರೆ?

ಮಾವ: ಮರೆತರೆ ಕರ್ತವ್ಯಲೋಪ. ಸರಕಾರಕ್ಕೆ ಆದ ನಷ್ಟವನ್ನು ಸಂಬಳದಲ್ಲಿ ಮುರಿದುಕೊಳ್ಳುವ ದಂಡನೆಯೂ ಶಿಸ್ತು ನಿಯಮದಲ್ಲಿ ಉಂಟು.

ಸೊಸೆ: ನನಗೆ ತಲೆಗೆ ಹೋಗದಿರುವುದು ಇದೇ. ಪಿಸ್ತೂಲು ಹೋದರೆ ಖಜಾನೆಗೆ ಆದ ನಷ್ಟ ಎಷ್ಟು ಅಂತ ಲೆಕ್ಕ. ವೈರ್‌ಲೆಸ್ ಸೆಟ್ಟು ಕಳೆದವನಿಗೂ ಪಿಸ್ತೂಲು ಕಳೆದವನಿಗೂ ಒಂದೇ ಬಗೆಯ ವಸೂಲಿ. ವೈರ್‌ಲೆಸ್ ಸೆಟ್ಟು ಯಾರನ್ನೂ ಕೊಲ್ಲುವುದಿಲ್ಲ.

ಮಾವ: ಸರಿ, ಅಲ್ಲಿ ನಿನ್ನ ಮಾತಿಗೆ ನನ್ನ ತಕರಾರಿಲ್ಲ. ಆದರೆ ಕಳೆಯುವುದು ಹೇಗೆ ಅಂತ ಮೊದಲು ನೋಡು. ಆರ್ಮರಿಯ ಬಾಗಿಲು ಒಡೆದು ಒಯ್ಯುವುದು ಪೇಪರಿನಲ್ಲಿ ದೊಡ್ಡ ಸುದ್ದಿ. ದಿನನಿತ್ಯದ ಅಪಾಯ ಅಲ್ಲಿಲ್ಲ. ಒಳಗಿರುವಷ್ಟು ಹೊತ್ತು ಬಂದೂಕು ಸ್ಟ್ಯಾಂಡಿನಲ್ಲಿ ಬಟ್ ನಂಬರಿನ ಪ್ರಕಾರ ನಿಂತಿರುತ್ತದೆ. ಒಂದು ಜಾಗ ಖಾಲಿ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಕಷ್ಟ ಇರುವುದು ಹೊರಗೆ ಹೋದದ್ದರಲ್ಲಿ. ಬಂದೋಬಸ್ತಿಗೆ ಅಂತ ಇನ್ನೊಂದು ಜಿಲ್ಲೆಗೆ ಹೋದದ್ದು. ಕೈದಿಯನ್ನು ಕರೆದುಕೊಂಡು ರಾತ್ರಿ ರೈಲಿನಲ್ಲಿ ಹೋದದ್ದು. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡವರ ಗನ್‌ಮ್ಯಾನ್ ಆಗಿ ಹೋದವನ ಸೊಂಟದಲ್ಲಿ ವರ್ಷಗಟ್ಟಲೆ ಕೂತದ್ದು. ರಿಜಿಸ್ಟರಿನಲ್ಲಿ ‘ಇಂಥವರಿಗೆ ಕೊಡಲಾಗಿದೆ’ ಅಂತ ಒಂದು ಸಾಲು. ಆ ಸಾಲು ಹೊಸ ವರ್ಷದ ಹೊಸ ಪುಸ್ತಕಕ್ಕೆ ನಕಲಾಗುತ್ತದೆ. ಅದರ ಮುಂದಿನ ವರ್ಷ ಪುನಃ ನಕಲಾಗುತ್ತದೆ.

ಸೊಸೆ: ಬಂದೂಕನ್ನು ಯಾರೂ ನೋಡುವುದಿಲ್ಲ?

ಮಾವ: ಸಾಲನ್ನು ನೋಡುತ್ತಾರೆ.

ಸೊಸೆ: ನಮ್ಮಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಗೋದಾಮಿನ ಆಡಿಟ್‌ಗೆ ಹೋದರೆ ಪುಸ್ತಕ ಮುಚ್ಚಿಟ್ಟು ಮೊದಲು ಅಡಿಕೆ ಮೂಟೆ ಎಣಿಸುವುದು. ಎಣಿಸಿದರೆ ಸಾಲದು, ನಾಲ್ಕಾರು ಮೂಟೆಗೆ ಸೂಜಿ ಚುಚ್ಚಿ ಒಳಗಿರುವುದು ಅಡಿಕೆಯೋ ಹೊಟ್ಟೋ ಅಂತ ನೋಡಬೇಕು. ಬೇರೆಯವರ ವಶದಲ್ಲಿ ಇದೆ ಅಂದರೆ ಅವರಿಂದಲೇ ನೇರವಾಗಿ ಪತ್ರ ತರಿಸಿಕೊಳ್ಳಬೇಕು.

ಮಾವ: ಆ ಸೂಜಿಯನ್ನು ತಿರುವನಂತಪುರದಲ್ಲಿ ಚುಚ್ಚಿದ್ದರಲ್ಲ! ನಿನಗೆ ನೆನಪಿರಬೇಕು, ನಿನ್ನ ಪೈಕಿಯವರದ್ದೇ ಕೆಲಸ.

ಸೊಸೆ: ನನ್ನ ಪೈಕಿ ಅಲ್ಲ, ಅವರು ಸಿಎಜಿ, ನಾವು ಖಾಸಗಿ. ಆದರೆ ಆ ವರದಿಯ ಸುದ್ದಿಯನ್ನು ಬಿಡದೆ ಓದಿದ್ದೆ. 2020ರ ಫೆಬ್ರವರಿಯಲ್ಲಿ ಕೇರಳ ವಿಧಾನಸಭೆಯ ಮುಂದೆ ಇಟ್ಟದ್ದು. ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಬೆಟಾಲಿಯನ್ನಿನಲ್ಲಿ 25 ಇನ್ಸಾಸ್ ರೈಫಲುಗಳೂ 12,061 ಸಜೀವ ಗುಂಡುಗಳೂ ಲೆಕ್ಕಕ್ಕೆ ಸಿಗಲಿಲ್ಲ. ಊರೆಲ್ಲ ಬೊಬ್ಬೆ. ರೈಫಲು ನಕ್ಸಲರ ಕೈ ಸೇರಿತೋ, ಇನ್ನಾರ ಕೈ ಸೇರಿತೋ ಅಂತ.

ಮಾವ: ಆಮೇಲೆ?

ಸೊಸೆ: ಆಮೇಲಿನದ್ದೇ ಸ್ವಾರಸ್ಯ. ಕೆಲವೇ ದಿನಗಳಲ್ಲಿ ಕ್ರೈಂ ಬ್ರಾಂಚಿನ ಮುಖ್ಯಸ್ಥರಾಗಿದ್ದ ಟೋಮಿನ್ ತಚ್ಚಂಗರಿ ಅವರೇ ಕ್ಯಾಂಪಿನಲ್ಲಿ ಕೂತು, ಬೇರೆ ಬೇರೆ ಕಡೆ ಹಂಚಿದ್ದ ರೈಫಲುಗಳನ್ನೆಲ್ಲ ತರಿಸಿ ನಂಬರು ಹಿಡಿದು ನೋಡಿದರು. ಇರಬೇಕಾದದ್ದು 660. ಎದುರಿಗೆ ಬಂದದ್ದು 647. ಉಳಿದ 13 ಮಣಿಪುರಕ್ಕೆ ಹೋದ ತುಕಡಿಯ ಹತ್ತಿರ ಇದ್ದವು. ಒಂದೂ ಕಳೆದಿರಲಿಲ್ಲ ಅಂತ ಅವರ ತೀರ್ಮಾನ. ಸಿಎಜಿ ಕೇಳಿದ 25 ರೈಫಲುಗಳು ಬಹಳ ಹಿಂದೆಯೇ ಅದೇ ಊರಿನ ಎಆರ್ ಕ್ಯಾಂಪಿಗೆ ಹೋಗಿದ್ದವು ಅಂತ ಪೊಲೀಸರು ಹೇಳಿದರು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನೆಟ್ಟಗೆ ದಾಖಲೆ ಇರಲಿಲ್ಲ, ಅಷ್ಟೆ.

ಮಾವ: ಆಗ ನಮ್ಮವರೆಲ್ಲ ನಕ್ಕಿದ್ದರು. ಆಡಿಟಿನವರಿಗೆ ಬಂದೂಕಿನ ಬಗ್ಗೆ ಎಂತ ಗೊತ್ತು ಅಂತ.

ಸೊಸೆ: ನಗುವ ಹಾಗೆ ಇರಲಿಲ್ಲ ಮಾವ. ವರ್ಷಗಟ್ಟಲೆ 25 ರೈಫಲು ಯಾರ ಹತ್ತಿರ ಉಂಟು ಅಂತ ಕಾಗದದಲ್ಲಿ ಹೇಳಲು ಯಾರಿಗೂ ಆಗಲಿಲ್ಲ. ಆ ಅವಧಿಯಲ್ಲಿ ಒಂದನ್ನು ಯಾರಾದರೂ ಮಾರಿದ್ದರೂ ಗೊತ್ತಾಗುತ್ತಿರಲಿಲ್ಲ. ಮಾರಲಿಲ್ಲ ಅನ್ನುವುದು ಅವರ ಅದೃಷ್ಟ. ನಮ್ಮ ಅದೃಷ್ಟವೂ ಹೌದು.

ಮಾವ: ಗುಂಡಿನ ಕಥೆ ಮಾತ್ರ ಬೇರೆ.

ಸೊಸೆ: ಗುಂಡಿನ ಕಥೆ ತಿರುಗಾಮುರುಗ. ರೈಫಲು ಇತ್ತು, ಕಾಗದ ಇರಲಿಲ್ಲ. ಗುಂಡಿನಲ್ಲಿ ಲೆಕ್ಕ ಇತ್ತು, ಗುಂಡು ಇರಲಿಲ್ಲ. 9 ಎಂಎಂನ 250 ಗುಂಡುಗಳ ಜಾಗದಲ್ಲಿ ನಕಲಿ ಗುಂಡುಗಳನ್ನು ಇಟ್ಟಿದ್ದರು. ಎಣಿಕೆಗೆ ಬಂದವನಿಗೆ 250 ಅಂದರೆ 250, ಲೆಕ್ಕ ಸರಿಯಿದೆ! ತನಿಖೆಯ ಹೊತ್ತಿನಲ್ಲಿ ಕಾಡತೂಸಿನ ಹಿತ್ತಾಳೆ ಕರಗಿಸಿ ಮಾಡಿದ ಪೊಲೀಸ್ ಲಾಂಛನವೊಂದನ್ನೂ ಕ್ಯಾಂಪಿನಿಂದ ವಶಪಡಿಸಿಕೊಂಡರು. ಸರಕಾರಿ ಲಾಂಛನವನ್ನೇ ಸಾಕ್ಷ್ಯ ಅಂತ ಮಹಜರು ಮಾಡಿದ್ದು ಬೇರೆ ಎಲ್ಲಾದರೂ ಉಂಟೋ ಇಲ್ಲವೋ.

ಮಾವ: ನೀನು ನಗುತ್ತೀ. ನನಗೆ ಅದನ್ನು ಕೇಳಿದಾಗ ಹೊಟ್ಟೆಯಲ್ಲಿ ಕಿವುಚಿದ ಹಾಗಾಗಿತ್ತು. ಯಾಕೆ ಗೊತ್ತುಂಟಾ? ಫೈರಿಂಗ್ ಪ್ರಾಕ್ಟೀಸ್ ಮುಗಿದ ಮೇಲೆ ಹಾರಿಸಿದ ಗುಂಡಿನ ಖಾಲಿ ಕೇಸುಗಳನ್ನು ಎಣಿಸಿ ವಾಪಸು ಕಟ್ಟಬೇಕು. ನೂರು ಕೊಟ್ಟಿದ್ದರೆ ನೂರು ಖಾಲಿ ಬರಬೇಕು. ಖಾಲಿ ಕೇಸು ಬಂದೂಕಿನಿಂದ ಚಿಮ್ಮಿ ಎಲ್ಲಿಗೋ ಬೀಳುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಹುಲ್ಲು ಮೊಣಕಾಲುದ್ದ. 98 ಸಿಕ್ಕಿತು, ಎರಡು ಸಿಗಲಿಲ್ಲ. ಹತ್ತು ಜನ ಸಾಲಾಗಿ ಬಗ್ಗಿ ಹುಲ್ಲು ಬಿಡಿಸಿ ಹುಡುಕುತ್ತಾರೆ. ಕತ್ತಲಾಗುತ್ತದೆ. ಆಗ ಒಬ್ಬ ಹಳಬ ಹೇಳುತ್ತಾನೆ, ‘ಬಿಡಿ, ನನ್ನ ಹತ್ತಿರ ಎರಡು ಉಂಟು.’

ಸೊಸೆ: ಅವನ ಹತ್ತಿರ ಎಲ್ಲಿಂದ ಬಂತು?

ಮಾವ: ಯಾವತ್ತೋ ಎರಡು ಹೆಚ್ಚು ಸಿಕ್ಕಿದ್ದವು. ಎತ್ತಿಟ್ಟುಕೊಂಡಿದ್ದ. ಅದರಲ್ಲಿ ಕಳ್ಳತನ ಇಲ್ಲ, ಹೆದರಿಕೆ ಉಂಟು. ಎರಡು ಖಾಲಿ ಕೇಸು ಕಡಿಮೆ ಅಂತ ಬರೆದುಕೊಟ್ಟರೆ ವಿವರಣೆ ಕೇಳಿ ನೋಟಿಸು, ಅದಕ್ಕೆ ಉತ್ತರ, ಉತ್ತರ ಸಮಾಧಾನಕರವಲ್ಲ ಅಂತ ಇನ್ನೊಂದು ಕಾಗದ. ಅದಕ್ಕಿಂತ ಹಳಬನ ಪೆಟ್ಟಿಗೆ ವಾಸಿ. ಇವತ್ತು ಎರಡು ಖಾಲಿ ಕೇಸಿಗೆ ಅಂತ ತೆರೆದ ಪೆಟ್ಟಿಗೆ, ನಾಳೆ ಗುಂಡಿಗೂ ತೆರೆಯುತ್ತದೆ. 250 ನಕಲಿ ಗುಂಡು ಒಂದೇ ದಿನದಲ್ಲಿ ಹುಟ್ಟಿರಲಿಕ್ಕಿಲ್ಲ ಅಂತ ನನ್ನ ಅಂದಾಜು.

ಸೊಸೆ: ತಿರುವನಂತಪುರದ ಆ ಗುಂಡುಗಳ ಮೊಕದ್ದಮೆ 1996ರಿಂದ 2018ರವರೆಗಿನ ಅವಧಿಗೆ ಸಂಬಂಧಿಸಿದ್ದು. 11 ಪೊಲೀಸರನ್ನು ಆರೋಪಿಗಳನ್ನಾಗಿ ಮಾಡಿದ್ದರು. 22 ವರ್ಷ ಮಾವ! ಅಷ್ಟು ಕಾಲದಲ್ಲಿ ಆ ಆರ್ಮರಿಗೆ ಎಷ್ಟು ಇನ್‌ಸ್ಪೆಕ್ಷನ್ ಆಗಿರಬೇಕು? ಎಷ್ಟು ಕಮಾಂಡೆಂಟರು ಬಂದು ಹೋಗಿರಬೇಕು? ಪ್ರತಿಯೊಬ್ಬರೂ ಬರುವಾಗ ಒಂದು, ಹೋಗುವಾಗ ಒಂದು ಸಹಿ ಹಾಕಿರಲೇಬೇಕಲ್ಲ?

ಮಾವ: ಹಾಕಿರುತ್ತಾರೆ.

ಸೊಸೆ: ಆ ಸಹಿಗಳಿಗೆ ಬೆಲೆ ಎಂತ?

ಮಾವ: ಅದನ್ನು ನನ್ನ ಹತ್ತಿರ ಕೇಳುವುದು ಸರಿಯಾ? ನಾನು ಹೆಡ್ ಕಾನ್‌ಸ್ಟೇಬಲ್ ಆಗಿ ಬಂದವನು. ಸಾಹೇಬರು ಬರುವ ದಿನ ಆರ್ಮರಿಗೆ ಸುಣ್ಣ ಬಳಿದು, ಸೆಂಟ್ರಿಗೆ ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಡಿಸಿ, ಚೆನ್ನಾಗಿ ಎಣ್ಣೆ ಉಜ್ಜಿದ ಎರಡು ರೈಫಲನ್ನು ಮುಂದಿನ ಸಾಲಿನಲ್ಲಿ ಇಡುತ್ತಿದ್ದೆವು. ಅವರು ಒಂದನ್ನು ಎತ್ತಿ ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡಿ ‘ಗುಡ್’ ಅನ್ನುತ್ತಿದ್ದರು. ಎಲ್ಲರೂ ಹೀಗೆ ಅಂತ ಹೇಳಲಾರೆ. ಬಾಗಿಲು ಹಾಕಿಸಿ, ಅಂಗಿಯ ತೋಳು ಮಡಚಿ, ಬಾಡಿ ನಂಬರು ಓದಿಸುತ್ತ ಟಿಕ್ಕು ಹಾಕಿದವರನ್ನೂ ನೋಡಿದ್ದೇನೆ. ಅಂಥವರು ಬರುವ ದಿನ ನಮಗೆ ಊಟ ಸೇರುತ್ತಿರಲಿಲ್ಲ.

ಸೊಸೆ: ಅಂಥವರು ಇದ್ದ ಕಾಲದಲ್ಲಿ ಹಳಬನ ಪೆಟ್ಟಿಗೆ ತೆರೆಯುತ್ತಿತ್ತಾ?

ಮಾವ: ತೆರೆಯುತ್ತಿತ್ತು, ಆದರೆ ಹೆದರಿ ಹೆದರಿ. ಅದಕ್ಕೇ ಹೇಳುವುದು, ಬರೇ ಶಿಕ್ಷೆ ಜೋರು ಮಾಡಿದರೆ ಪೆಟ್ಟಿಗೆ ದೊಡ್ಡದಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಸೊಸೆ: ಶಿಕ್ಷೆ ಹಗುರ ಮಾಡಿದ ಕಡೆ ಎಂತ ಆಗಿದೆ ಅಂತ ನಾನು ಹೇಳುತ್ತೇನೆ ಕೇಳಿ. ಅಮೆರಿಕದ ಸಂಸತ್ ಭವನದ ಕಾವಲು ಪೊಲೀಸರು 2015ರಲ್ಲಿ ತಮ್ಮ ಪಿಸ್ತೂಲುಗಳನ್ನು ಕಂಡಕಂಡಲ್ಲಿ ಬಿಟ್ಟು ಬಂದದ್ದು ಸುದ್ದಿಯಾಯಿತು. ಒಮ್ಮೆ ಅಲ್ಲ, ಕೆಲವೇ ತಿಂಗಳಲ್ಲಿ ಮೂರು ಸಲ. ಒಂದು ಸಿಕ್ಕಿದ್ದು ಸ್ಪೀಕರರ ಕೊಠಡಿಗಳ ಶೌಚಾಲಯದಲ್ಲಿ, ಅಪ್ಪ ಅಮ್ಮನ ಜೊತೆ ಬಂದಿದ್ದ ಏಳೆಂಟು ವರ್ಷದ ಮಗುವಿಗೆ! ಮೊದಲ ಪ್ರಕರಣದಲ್ಲಿ ಶಿಫಾರಸಾದ ಶಿಕ್ಷೆ ಆರು ದಿನದ ಸಂಬಳವಿಲ್ಲದ ಅಮಾನತು.

ಮಾವ: ಮಗುವಿಗೆ ಏನೂ ಆಗಲಿಲ್ಲವಲ್ಲ?

ಸೊಸೆ: ಆಗಲಿಲ್ಲ. ಆದರೆ ಅದೇ ವರ್ಷ ಜುಲೈ 1ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಯಿತು. ಅಲ್ಲಿನ ಕೇಂದ್ರ ಸರಕಾರದ ಭೂ ನಿರ್ವಹಣಾ ಇಲಾಖೆಯ ರೇಂಜರ್ ಒಬ್ಬ ಊರಿಗೆ ಬಂದಿದ್ದ. ತುಂಬಿದ ಪಿಸ್ತೂಲನ್ನು ಚೀಲದಲ್ಲಿಟ್ಟು, ಚೀಲವನ್ನು ಕಾರಿನಲ್ಲಿ ಬಿಟ್ಟು, ಕಾರನ್ನು ಸಮುದ್ರದ ಬದಿಯ ರಸ್ತೆಯಲ್ಲಿ ನಿಲ್ಲಿಸಿ ಹೋದ. ಯಾರೋ ಗಾಜು ಒಡೆದು ಚೀಲ ಒಯ್ದರು. ನಾಲ್ಕೇ ದಿನಕ್ಕೆ ಅದೇ ಪಿಸ್ತೂಲಿನ ಗುಂಡು ಅಪ್ಪನ ಜೊತೆ ದಕ್ಕೆಯ ಮೇಲೆ ನಡೆಯುತ್ತಿದ್ದ ಯುವತಿಯೊಬ್ಬಳ ಬೆನ್ನಿಗೆ ಹೊಕ್ಕಿತು.

ಮಾವ: ಹಾರಿಸಿದವನು ವಲಸೆ ಬಂದವನಲ್ಲವಾ? ಟ್ರಂಪ್ ಭಾಷಣಗಳಲ್ಲಿ ಕೇಳಿದ ನೆನಪು.

ಸೊಸೆ: ನೋಡಿ, ನಿಮಗೂ ಅಷ್ಟೇ ನೆನಪಿದೆ. ದೇಶವಿಡೀ ಜಗಳವಾಡಿದ್ದು ಅವನು ಗಡಿ ದಾಟಿ ಬಂದದ್ದರ ಬಗ್ಗೆ. ಪಿಸ್ತೂಲು ಎಲ್ಲಿಂದ ಬಂತು ಅನ್ನುವುದು ಒಳಪುಟದ ಸುದ್ದಿ. 2017ರಲ್ಲಿ ನ್ಯಾಯದರ್ಶಿಗಳು ಅವನನ್ನು ಕೊಲೆಯ ಆರೋಪದಿಂದ ಬಿಟ್ಟರು. ಯುವತಿಯ ಮನೆಯವರು ರೇಂಜರನ ಇಲಾಖೆಯ ಮೇಲೆ ಹಾಕಿದ ದಾವೆಯೂ ನಿಲ್ಲಲಿಲ್ಲ. ಕಾರಿನ ಕಳವಿಗೂ ಸಾವಿಗೂ ನಡುವೆ ಕೊಂಡಿಗಳು ಬಹಳ ಆದವು ಅಂತ ನ್ಯಾಯಾಲಯದ ನಿಲುವು.

ಮಾವ: ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲ. ಕದ್ದವನೊಬ್ಬ, ಅದು ಇನ್ನೊಬ್ಬನ ಕೈಗೆ ಸಿಕ್ಕಿತು, ಅವನ ಕೈಯಲ್ಲಿ ಹಾರಿತು.

ಸೊಸೆ: ತಪ್ಪಲ್ಲದೇ ಇರಬಹುದು. ಮೊದಲ ಕೊಂಡಿಯನ್ನೇ ಕಾನೂನು ಮುಟ್ಟದಿದ್ದರೆ ನಾಳೆ ಇನ್ನೊಬ್ಬ ರೇಂಜರ್ ಚೀಲ ಬಿಟ್ಟು ಹೋಗುತ್ತಾನೆ. ಆ ಭಾಗದ ಪತ್ರಕರ್ತರು ಪೊಲೀಸ್ ಸಂಸ್ಥೆಗಳಿಂದ ಒಂದೊಂದಾಗಿ ದಾಖಲೆ ಕೇಳಿ ಪಡೆದು ಲೆಕ್ಕ ಹಾಕಿದರು. 2010ರಿಂದ ಆಚೆಗೆ ಕಳವಾದ, ಕಳೆದುಹೋದ, ಪತ್ತೆಯಿಲ್ಲದ ಆಯುಧಗಳು 944. ಅಲ್ಲಿಯವರೆಗೆ ಆ ಮೊತ್ತವನ್ನು ಯಾರೂ ಕೂಡಿರಲಿಲ್ಲ.

ಮಾವ: ಆಮೇಲೆ ಏನಾದರೂ ಮಾಡಿದರಾ?

ಸೊಸೆ: ಮಾಡಿದರು. ಕ್ಯಾಲಿಫೋರ್ನಿಯಾದ ಶಾಸನಸಭೆ 2016ರಲ್ಲಿ ಒಂದು ಕಾನೂನು ತಂದಿತು. ಯಾರೂ ಇಲ್ಲದ ವಾಹನದಲ್ಲಿ ಕೈಬಂದೂಕು ಬಿಡುವುದಾದರೆ ಡಿಕ್ಕಿಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇಡಬೇಕು. ತಪ್ಪಿದರೆ 1,000 ಡಾಲರಿನವರೆಗೆ ದಂಡ. ಪೊಲೀಸರಿಗೂ ಜನಸಾಮಾನ್ಯರಿಗೂ ಒಂದೇ ಕಾನೂನು. ದಂಡ ಸಣ್ಣದು, ಗೊತ್ತು. ಆದರೆ ಮನೆಯೊಳಗಿನ ಪಂಚಾಯಿತಿಯಿಂದ ಹೊರಗೆ ಬಂತಲ್ಲ.

ಮಾವ: ನಮ್ಮಲ್ಲಿ ಕಾರಿನ ಸಮಸ್ಯೆ ಇಲ್ಲ. ಕಾನ್‌ಸ್ಟೇಬಲಿಗೆ ಕಾರೆಲ್ಲಿ ಬಂತು? ಅವನು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ರೈಫಲನ್ನು ಮೊಣಕಾಲ ನಡುವೆ ಇಟ್ಟು ನಿದ್ದೆ ತೂಗುವವನು. ಎರಡು ಪಾಳಿ ಸೇರಿಸಿ ಬಂದೋಬಸ್ತು ಮುಗಿಸಿ ಬಂದವನಿಗೆ ನಿದ್ದೆ ಬರಬಾರದು ಅನ್ನಲು ಯಾವ ರೂಲಿಗೆ ಸಾಧ್ಯ? ಅವನು ಕಳೆದರೆ ಅವನೊಬ್ಬನೇ ಹೊಣೆಯಾ? ಬಂದೋಬಸ್ತಿನ ಊರಿನಲ್ಲಿ ರಾತ್ರಿ ಆಯುಧ ಇಡಲು ಜಾಗ ಕೊಡದೆ ಕಲ್ಯಾಣಮಂಟಪದಲ್ಲಿ ಜಮಖಾನೆ ಹಾಸಿ ಮಲಗಿಸಿದವರು ಯಾರು?

ಸೊಸೆ: ಅಲ್ಲಿಗೇ ಬರಬೇಕು ಅಂತ ನಾನು ಹೇಳುತ್ತಿರುವುದು. ಕೆಳಗಿನವನ ಶಿಕ್ಷೆ ಹೆಚ್ಚೋ ಕಡಿಮೆಯೋ ಅಂತ ನೀವು ಮಾತಾಡುತ್ತೀರಿ. ಮೇಲಿನವರ ಹೊಣೆಯ ಬಗ್ಗೆ ಕೇಳಿದರೆ ‘ನಾನು ಹೆಡ್ ಕಾನ್‌ಸ್ಟೇಬಲ್’ ಅಂತ ಜಾರುತ್ತೀರಿ.

ಮಾವ: ಜಾರಲಿಲ್ಲ. ಮೇಲಿನವರನ್ನು ಶಿಕ್ಷಿಸಬೇಕು ಅಂದರೆ ಯಾವ ತಪ್ಪಿಗೆ ಅಂತ ಸರಿಯಾಗಿ ಹೇಳಬೇಕಲ್ಲ. ಸಾವಿರಾರು ಆಯುಧ ಇರುವ ಜಿಲ್ಲೆಯಲ್ಲಿ ಒಬ್ಬ ಪೇದೆ ಮೈಮರೆತದ್ದಕ್ಕೆ ಎಸ್ಪಿಯನ್ನು ಮನೆಗೆ ಕಳಿಸಿದರೆ ಯಾವ ಎಸ್ಪಿಯೂ ಕಳೆದದ್ದನ್ನು ಮೇಲೆ ತಿಳಿಸುವುದಿಲ್ಲ. ಆಗ ಹಳಬನ ಪೆಟ್ಟಿಗೆ ಎಸ್ಪಿ ಆಫೀಸಿಗೇ ಬಂದು ಕೂರುತ್ತದೆ.

ಸೊಸೆ: ಕಳೆದದ್ದಕ್ಕೆ ಬೇಡ. ನೋಡದೆ ‘ನೋಡಿದ್ದೇನೆ’ ಅಂತ ಸಹಿ ಹಾಕಿದ್ದಕ್ಕೆ. ನಾನು ಗೋದಾಮಿಗೆ ಹೋಗದೆ ದಾಸ್ತಾನು ಪರಿಶೀಲಿಸಿದೆ ಅಂತ ಸಹಿ ಹಾಕಿದರೆ ನನ್ನ ಮೇಲೆ ವೃತ್ತಿ ದುರ್ನಡತೆಯ ವಿಚಾರಣೆ ಆಗುತ್ತದೆ, ಹೆಸರೇ ಪಟ್ಟಿಯಿಂದ ಹೋಗಬಹುದು. ಗೋದಾಮಿನಲ್ಲಿ ಇರುವುದು ಅಡಿಕೆ!

ಮಾವ: ಅದಕ್ಕೆ ನಾನು ಒಪ್ಪುತ್ತೇನೆ. ಬರೆದುಕೋ ಬೇಕಾದರೆ.

ಸೊಸೆ: ಇನ್ನೊಂದು. ಎಣಿಸಿದ್ದನ್ನು ಹೊರಗೆ ಹೇಳಬೇಕು. ಎಫ್‌ಬಿಐಗೆ ಹಾಗೆ ಮಾಡಿದರು. 2002ರಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಪರಿಶೋಧನೆ ನಡೆಸಿ, 28 ತಿಂಗಳಲ್ಲಿ 354 ಆಯುಧ ಕಳೆದದ್ದು ಇಲ್ಲವೇ ಕಳವಾದದ್ದು ಅಂತ ಪ್ರಕಟಿಸಿತು. ಎಫ್‌ಬಿಐ ಅಂದರೆ ಜಗತ್ತಿನ ಕಳ್ಳರನ್ನು ಹಿಡಿಯುವವರು! ಮಾನ ಹೋಯಿತು. 2007ರಲ್ಲಿ ಅದೇ ಕಚೇರಿ ಪುನಃ ನೋಡಿತು. ಈ ಸಲ 44 ತಿಂಗಳಲ್ಲಿ 160. ತಿಂಗಳಿಗೆ ಹನ್ನೆರಡರ ಮೇಲಿದ್ದದ್ದು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ, ಆ ಎರಡನೇ ವರದಿಯಲ್ಲೂ ಬೈಗುಳ ಉಂಟು. ಆದರೆ ಹೊರಗಿನವರು ಬಂದು ಎಣಿಸುತ್ತಾರೆ, ಪುನಃ ಬರುತ್ತಾರೆ, ಎಲ್ಲರಿಗೂ ಹೇಳುತ್ತಾರೆ ಅಂತಾದರೆ ಒಳಗಿನವರು ಮೈಕೊಡವಿ ಏಳುತ್ತಾರೆ.

ಮಾವ: ಹೊರಗಿನವರೇ ಯಾಕೆ ಬೇಕು? ಒಳಗೇ ಬೇರೆ ಶಾಖೆಯವರು ಎಣಿಸಿದರೆ ಸಾಲದಾ?

ಸೊಸೆ: ಸಾಲದು. ದಕ್ಷಿಣ ಆಫ್ರಿಕದ ಕರ್ನಲ್ ಕ್ರಿಸ್ಟಿಯಾನ್ ಪ್ರಿನ್ಸ್‌ಲೂ ಬಗ್ಗೆ ಕೇಳಿದ್ದೀರಾ?

ಮಾವ: ಇಲ್ಲ.

ಸೊಸೆ: ಪೊಲೀಸ್ ಕರ್ನಲ್. ಜನರು ಒಪ್ಪಿಸಿದ, ಪೊಲೀಸರು ವಶಪಡಿಸಿಕೊಂಡ ಬಂದೂಕುಗಳನ್ನು ನಾಶ ಮಾಡುವ ವ್ಯವಸ್ಥೆ ಅವನ ಕೈಯಲ್ಲಿತ್ತು. ನಾಶಮಾಡುವ ಬದಲು ಸುಮಾರು 2,000 ಬಂದೂಕುಗಳನ್ನು ಕೇಪ್‌ಟೌನಿನ ಕೊಳೆಗೇರಿ ಗ್ಯಾಂಗುಗಳಿಗೆ ತಲುಪಿಸಿದ. ಆ ಬಂದೂಕುಗಳಿಗೂ 1,066 ಕೊಲೆಗಳಿಗೂ ನಂಟಿದೆ ಅಂತ ಪೊಲೀಸರ ಪ್ರಮಾಣಪತ್ರದಲ್ಲೇ ಇತ್ತು. 2016ರಲ್ಲಿ ಅವನಿಗೆ 18 ವರ್ಷ ಶಿಕ್ಷೆಯಾಯಿತು. 2020ರಲ್ಲಿ ಪೆರೋಲಿನ ಮೇಲೆ ಹೊರಗೆ ಬಂದ.

ಮಾವ: ನಾಲ್ಕೇ ವರ್ಷಕ್ಕೆ!

ಸೊಸೆ: ಹೌದು. ಅವನ ಕಾಗದಗಳಲ್ಲಿ ಆ ಬಂದೂಕುಗಳು ಇಲ್ಲವೇ ಇಲ್ಲ, ಕರಗಿ ಕಬ್ಬಿಣವಾಗಿವೆ. ಕಳೆದದ್ದಾದರೆ ಯಾರಾದರೂ ಹುಡುಕುತ್ತಾರೆ. ಇಲ್ಲದ್ದನ್ನು ಯಾರು ಹುಡುಕುತ್ತಾರೆ? ಒಳಗಿನವರೇ ಒಳಗಿನ ಲೆಕ್ಕ ನೋಡುವುದರ ಕೊನೆಯ ಸ್ಟೇಷನ್ನು ಅದು.

ಮಾವ: ಆ ಮನುಷ್ಯನನ್ನು ನಮ್ಮ ಪೇದೆಗಳ ಸಾಲಿಗೆ ತಂದು ನಿಲ್ಲಿಸಬೇಡ. ಅವನು ಕಳೆದವನಲ್ಲ, ಮಾರಿದವನು. ಹಾಗೆಯೇ ಲೂಟಿಯಾದದ್ದೂ ಬೇರೆ ಲೆಕ್ಕ. 1992ರ ಮೇ ತಿಂಗಳಲ್ಲಿ ವೀರಪ್ಪನ್ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು ಆಯುಧ ಒಯ್ದ. ಅಲ್ಲಿ ಸತ್ತವರ ಹತ್ತಿರ ಬಂದೂಕಿನ ಲೆಕ್ಕ ಕೇಳಲಾಗುತ್ತದಾ? ಅಂಥ ಜಾಗದಲ್ಲಿ ಅಷ್ಟು ಆಯುಧ, ಅಷ್ಟೇ ಜನ, ಅಂಥ ಕಟ್ಟಡ ಯಾಕೆ ಅಂತ ಕೇಳಬೇಕಾದದ್ದು ಬೆಂಗಳೂರಿನಲ್ಲಿ.

ಸೊಸೆ: ಅದಕ್ಕೆ ನನ್ನ ಎದುರುಮಾತಿಲ್ಲ.

ಮಾವ: ಮಣಿಪುರ ನೋಡು. 2023ರ ಮೇ 3ರಿಂದ ಗಲಭೆ. ಪೊಲೀಸ್ ಆರ್ಮರಿಗಳಿಂದ ಸುಮಾರು 6,000 ಆಯುಧ ಜನರ ಪಾಲಾಯಿತು. ಎಷ್ಟೋ ಕಡೆ ಗುಂಪು ಬಂತು, ಕಾವಲಿನವರು ಗುಂಡು ಹಾರಿಸಲಿಲ್ಲ, ಗುಂಪು ಹೊತ್ತುಕೊಂಡು ಹೋಯಿತು. 2025ರ ಫೆಬ್ರವರಿ 20ಕ್ಕೆ ರಾಜ್ಯಪಾಲ ಅಜಯ್ ಭಲ್ಲಾ ಅವರು ಎಂತ ಹೇಳಿದರು? ಏಳು ದಿನದೊಳಗೆ ತಂದುಕೊಡಿ, ಕ್ರಮ ಕೈಗೊಳ್ಳುವುದಿಲ್ಲ ಅಂತ. ಗಡುವನ್ನು ಮಾರ್ಚ್ 6ರವರೆಗೆ ಬೆಳೆಸಿದರು. ಸುಮಾರು 1,000 ಆಯುಧ ವಾಪಸು ಬಂತು. ಲೂಟಿ ಮಾಡಿದವರಿಗೆ ಸರಕಾರ ಹೆಚ್ಚುಕಡಿಮೆ ಎರಡು ವಾರದ ಕ್ಷಮೆ ಕೊಡಬಹುದಾದರೆ, ಬಸ್ಸಿನಲ್ಲಿ ನಿದ್ದೆ ತೂಗಿದ ಕಾನ್‌ಸ್ಟೇಬಲಿಗೆ ಒಂದು ರಾತ್ರಿಯದ್ದಾದರೂ ಕೊಡಬಾರದಾ?

ಸೊಸೆ: ಒಂದು ರಾತ್ರಿಯಲ್ಲಿ ಅವನು ಎಂತ ಮಾಡುತ್ತಾನೆ?

ಮಾವ: ಬಾಯಿ ಬಿಡುತ್ತಾನೆ. ಅದೇ ದೊಡ್ಡದು. ಕಳೆದದ್ದು ಸಿಗುವುದು ಮೊದಲ ಕೆಲವು ಗಂಟೆಗಳಲ್ಲಿ. ಬಸ್ಸಿನ ಕಂಡಕ್ಟರಿಗೆ, ಡಿಪೋಗೆ, ರೈಲ್ವೆ ಪೊಲೀಸರಿಗೆ, ಹೋಟೆಲಿನವನಿಗೆ ಫೋನು ಹೋಗಬೇಕಾದ ಹೊತ್ತು ಅದು. ಆ ಹೊತ್ತಿನಲ್ಲಿ ಅವನು ಎಂತ ಮಾಡುತ್ತಾನೆ ಗೊತ್ತುಂಟಾ? ಸಾಹೇಬರಿಗೆ ಗೊತ್ತಾಗದ ಹಾಗೆ ಒಬ್ಬನೇ ಹುಡುಕುತ್ತಾನೆ. ದೇವಸ್ಥಾನಕ್ಕೆ ಹೋಗಿ ಹರಕೆ ಹೇಳುತ್ತಾನೆ. ಮೂರನೇ ದಿನ ಬಂದು ‘ಕಳವಾಯಿತು’ ಅನ್ನುತ್ತಾನೆ. ಅಷ್ಟರಲ್ಲಿ ಅದು ನಿಜಕ್ಕೂ ಕಳವಾಗಿರುತ್ತದೆ. 24 ಗಂಟೆಯೊಳಗೆ ತಾನಾಗಿ ತಿಳಿಸಿದವನ ಮೇಲೆ ಅಮಾನತು ಇಲ್ಲ, ಬರೇ ವಿಚಾರಣೆ. ತಡಮಾಡಿದವನಿಗೆ, ಮುಚ್ಚಿಟ್ಟವನಿಗೆ, ನಕಲಿ ಇಟ್ಟವನಿಗೆ ಕೆಲಸ ಇಲ್ಲ. ಹೀಗೆ ಒಂದು ಆದೇಶ ಹೊರಡಿಸಿ ನೋಡಲಿ.

ಸೊಸೆ: ಹೊರಡಿಸಲಿ. ಅಪ್ಪನಿಗೂ ಅದೇ 24 ಗಂಟೆ ಕೊಡುತ್ತಾರಾ?

ಮಾವ: ಕೊಡಲಿ ಮಾರಾಯ್ತಿ, ನಾನೆಂತ ಬೇಡ ಅಂದೆನಾ?

ಸೊಸೆ: ಮತ್ತೆ ಸಹಿಯದ್ದು? ನೋಡದೆ ನೋಡಿದ್ದೇನೆ ಅಂದವರದ್ದು?

ಮಾವ: ಅವರಿಗೆ 24 ಗಂಟೆಯ ಮಾತೇ ಬೇಡ. ಅವರಿಗೆ ಇನ್‌ಸ್ಪೆಕ್ಷನ್ನಿನ ದಿನವೇ ಬೇಕಾದಷ್ಟು ಗಂಟೆ ಇತ್ತು.

ಸೊಸೆ: ವರ್ಷಕ್ಕೊಮ್ಮೆ ಪಟ್ಟಿ ಹೊರಗೆ ಬರಬೇಕು. ಯಾವ ಆಯುಧ, ಯಾವತ್ತು ಹೋಯಿತು, ಯಾರ ವಶದಲ್ಲಿತ್ತು, ಕೊನೆಯ ಸಲ ಅದನ್ನು ಕಣ್ಣಾರೆ ನೋಡಿ ಸಹಿ ಹಾಕಿದ ಅಧಿಕಾರಿ ಯಾರು.

ಮಾವ: ಪೇದೆಯ ಹೆಸರು ಹಾಕಬೇಡಿ. ಊರಲ್ಲಿ ಅವನ ಮಕ್ಕಳು ಶಾಲೆಗೆ ಹೋಗಬೇಕಲ್ಲ. ಆಯುಧದ ಮಾದರಿ, ಕಾಣೆಯಾದ ತಾರೀಖು, ಜಿಲ್ಲೆ, ಕೊನೆಯ ಇನ್‌ಸ್ಪೆಕ್ಷನ್ ಆದ ತಾರೀಖು. ಅಷ್ಟು ಹಾಕಿದರೆ ಸಾಕು.

ಸೊಸೆ: ಅಧಿಕಾರಿಯ ಹೆಸರು?

ಮಾವ: ಜಿಲ್ಲೆಯೂ ತಾರೀಖೂ ಕೊಟ್ಟ ಮೇಲೆ, ಆವತ್ತು ಅಲ್ಲಿ ಎಸ್ಪಿ ಯಾರಿದ್ದರು ಅಂತ ಹುಡುಕಲು ನಿನಗೆ ಎಷ್ಟು ಹೊತ್ತು ಬೇಕು?